ಕರಿಬೇವಿಗೆ ಕಾದ ವಸಂತ

ಅಂಚೆಯಲ್ಲಿ ಗಿಡ ತರಿಸುವುದು ಅಮೆರಿಕದಲ್ಲಿ ವಿಶೇಷವೇನಲ್ಲ. ಚಳಿಗಾಲದ ನಡುವೆಯೇ ನರ್ಸರಿಗಳ ಬಣ್ಣಬಣ್ಣದ ಪಟ್ಟಿಗಳು ಮನೆಗೆ ಬಂದು ಬೀಳುತ್ತವೆ. ಹೊರಗೆ ಮೊಣಕಾಲುದ್ದ ಹಿಮ, ಕೈಯಲ್ಲಿ ದಾಸವಾಳ, ಮಲ್ಲಿಗೆ, ಬಾಳೆಯ ಚಿತ್ರಗಳು. ಆಸೆ ಹುಟ್ಟಿಸಲು ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕೀತೆ? ಆದರೆ ಆಸೆ ಹುಟ್ಟುವ ಕಾಲ ಬೇರೆ, ಗಿಡ ಬಂದಿಳಿಯಬೇಕಾದ ಕಾಲ ಬೇರೆ. ಇದೇ ವಿಷಯಕ್ಕೆ 2018ರ ವಸಂತದಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಜಟಾಪಟಿಯೇ ನಡೆಯಿತು.

ನಾವಿರುವುದು ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿ ಜನವರಿಯ ರಾತ್ರಿಗಳೆಂದರೆ ಸರಾಸರಿ ಸೊನ್ನೆಗಿಂತ 13 ಡಿಗ್ರಿ ಸೆಲ್ಸಿಯಸ್ ಕೆಳಗೆ. 2017ರ ಡಿಸೆಂಬರ್ ಮೊದಲ ವಾರ ಅತ್ತೆ ಮೈಸೂರಿನಿಂದ ಬಂದರು. ಮಾವ ತೀರಿಕೊಂಡ ವರ್ಷ ಅದು. ಆರು ತಿಂಗಳ ಅನುಮತಿ. ಜೂನ್ 1ಕ್ಕೆ ವಾಪಸು ಟಿಕೆಟ್. ಕಿಟಕಿಯ ಪಕ್ಕ ಕುಳಿತು ಹಿಮ ನೋಡುವುದು ಬಿಟ್ಟರೆ ಅವರಿಗೆ ಇಲ್ಲಿ ಕೆಲಸವಿರಲಿಲ್ಲ. ಏನು ಬೇಕು ಅಂದರೆ ಏನೂ ಬೇಡ ಅನ್ನುವವರು. ಫೆಬ್ರವರಿಯಲ್ಲಿ ಒಂದು ದಿನ ತಾವಾಗಿಯೇ ಕೇಳಿದರು: “ಒಂದು ಕರಿಬೇವಿನ ಗಿಡ ಸಿಗುತ್ತದೇನೆ?”

ಊರಿನಿಂದಲೇ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಿಡವಿರಲಿ, ಒಂದು ಹಿಡಿ ಎಲೆಯನ್ನೂ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಬಳಗದ್ದು. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಹಸಿರು ರೋಗವನ್ನು ಹರಡುವ ಪುಟ್ಟ ಜಿಗಿಹುಳು ಕರಿಬೇವಿನ ಚಿಗುರಿನ ಮೇಲೂ ಬದುಕುತ್ತದೆ. ಆ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ಬೆಳೆಗಾರರ ಸ್ಥಿತಿ ಹೇಳತೀರದು. ಹಾಗಾಗಿ ದೇಶದೊಳಗಿನ ನರ್ಸರಿಯಿಂದ, ಗಿಡ ಕಳಿಸಲು ಅನುಮತಿ ಇರುವವರಿಂದಲೇ ತರಿಸಬೇಕು.

ಮಾರ್ಚ್ ಬಂತು. ಬಿಸಿಲು ಬಂತು. “ಇಷ್ಟು ಚೆನ್ನಾಗಿ ಬಿಸಿಲಿದೆ, ಈಗ ತರಿಸಬಹುದಲ್ಲ?” ಎಂದರು ಅತ್ತೆ. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮೈಸೂರಿನಲ್ಲಿ ಬಿಸಿಲೆಂದರೆ ಸೆಕೆ. ಮಿನಿಸೋಟದಲ್ಲಿ ಬಿಸಿಲು ಕಣ್ಣಿಗೆ ಮಾತ್ರ. ಎಂಟನೇ ತರಗತಿಯಲ್ಲಿದ್ದ ಮಗಳು ಅಡ್ಡ ಬಂದಳು. ಹಿಮ ಬೀಳದಿದ್ದರೂ ಈ ಗಿಡ ಸಾಯುತ್ತದೆ ಎಂಬುದು ಅವಳ ವಾದ.

ಅವಳು ಅಜ್ಜಿಗೆ ವಿವರಿಸಿದ ರೀತಿ ನನಗೆ ಹಿಡಿಸಿತು. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಸೇಬಿನಂಥ ಚಳಿನಾಡಿನ ಮರ ಅದನ್ನೂ ತಾಳಿಕೊಳ್ಳುತ್ತದೆ. ಉಷ್ಣವಲಯದ ಗಿಡಗಳಿಗೆ ಸೊನ್ನೆಯವರೆಗೂ ಹೋಗಬೇಕಾಗಿಲ್ಲ, ಸುಮಾರು 10–12 ಡಿಗ್ರಿಯಲ್ಲೇ ಪೆಟ್ಟು ಶುರು. ಜೀವಕೋಶದ ಸುತ್ತಲಿನ ತೆಳು ಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಚಳಿಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುವುದಿಲ್ಲವೇ, ಹಾಗೆ ಅದು ಬಿರುಸಾಗುತ್ತದೆ. ಪೊರೆ ಸೋರುತ್ತದೆ, ಎಲೆ ಕಪ್ಪಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೂ ಇದೇ ಕಾರಣಕ್ಕೆ. ಬಾಳೆಹಣ್ಣಿನ ಮಾತು ಬಂದ ಮೇಲೆ ಅತ್ತೆ ಸುಮ್ಮನಾದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಒಂದು ತಳಿ ಅಲ್ಲಿನ ಚಳಿಗಾಲಕ್ಕೇ ಚಿಗುರಲು ಹಿಂದೇಟು ಹಾಕುತ್ತದೆಂದ ಮೇಲೆ ಮಿನಿಸೋಟದ ಮಾತೇನು!

ಇಲ್ಲಿನ ತೋಟಗಾರರು ಎಲ್ಲಕ್ಕೂ ಕೃಷಿ ಇಲಾಖೆಯ ವಲಯ ನಕ್ಷೆಯನ್ನು ನೋಡುತ್ತಾರೆ. ಒಂದು ಜಾಗದಲ್ಲಿ ಚಳಿಗಾಲದ ಅತಿ ಕಡಿಮೆ ಉಷ್ಣಾಂಶ ಸರಾಸರಿ ಎಷ್ಟಕ್ಕೆ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಆದರೆ ಚಳಿಗಾಲವನ್ನು ಹೇಗೂ ಮನೆಯೊಳಗೆ ಕಳೆಯುವ ಕರಿಬೇವಿಗೆ ಆ ನಕ್ಷೆಯಿಂದ ಆಗಬೇಕಾದ್ದೇನು? ಯಾವ ತಿಂಗಳು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ. ಬೇಕಾಗಿದ್ದು ನಮ್ಮ ಹಿತ್ತಲಿನ ರಾತ್ರಿಯ ಲೆಕ್ಕ. ಮಗಳು ಒಂದು ಉಷ್ಣಮಾಪಕವನ್ನು ಬೇಲಿಗೆ ಕಟ್ಟಿ ದಿನವೂ ಕನಿಷ್ಠ ಉಷ್ಣಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಸರಾಸರಿ ನೋಡಿದರೆ ಇಲ್ಲಿ ಏಪ್ರಿಲ್ ರಾತ್ರಿಗಳು 3 ಡಿಗ್ರಿಯ ಆಸುಪಾಸು, ಮೇ ತಿಂಗಳಲ್ಲಿ 9–10, ಜೂನ್‌ನಲ್ಲಿ 15. ಅಂದರೆ ಗಿಡಕ್ಕೆ ಒಳ್ಳೆಯ ಕಾಲ ಬರುವ ಹೊತ್ತಿಗೆ ಅಜ್ಜಿಯ ವಿಮಾನ ಹೊರಟಿರುತ್ತದೆ.

ನನ್ನವರು ತಾಯಿಯ ಪಕ್ಷ. “ಏಪ್ರಿಲ್‌ನಲ್ಲೇ ತರಿಸೋಣ, ಸತ್ತರೆ ಇನ್ನೊಂದು” ಎಂದರು. ಅತ್ತೆಯೇ ಅದಕ್ಕೆ ಒಪ್ಪಲಿಲ್ಲ. “ಸಾಯುತ್ತದೆ ಅಂತ ಗೊತ್ತಿದ್ದೂ ತರಿಸುವುದಾ?” ಎಂದು ಒಳಗೆ ಹೋದರು. ಆ ಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಆ ವರ್ಷ ಏಪ್ರಿಲ್ 14, 15ರಂದು ಮಿನಿಯಾಪೊಲಿಸ್‌ನಲ್ಲಿ ಒಂದು ಅಡಿಗಿಂತಲೂ ಹೆಚ್ಚು ಹಿಮ ಸುರಿಯಿತು. ಅದೇ ವಾರ ಪರಿಚಯದವರೊಬ್ಬರಿಗೆ ಪಾರ್ಸೆಲ್‌ನಲ್ಲಿ ಮಲ್ಲಿಗೆ ಬಂದಿತ್ತು. ಡಬ್ಬಿ ತೆರೆದರೆ ಬೇಯಿಸಿದ ಸೊಪ್ಪು. ಡಬ್ಬಿಯೊಳಗೆ ಶಾಖದ ಪೊಟ್ಟಣ ಇಟ್ಟಿದ್ದರಂತೆ. ಕಬ್ಬಿಣದ ಪುಡಿ ಗಾಳಿ ತಗುಲಿ ತುಕ್ಕು ಹಿಡಿಯುವಾಗ ಹೊಮ್ಮುವ ಶಾಖ ಅದು; ಒಂದೆರಡು ದಿನದ ಪ್ರಯಾಣಕ್ಕೆ ಸರಿ, ಹಿಮಪಾತದಲ್ಲಿ ಲಾರಿ ನಿಂತುಬಿಟ್ಟರೆ ಅದೂ ಆರಿಹೋಗುತ್ತದೆ. ಕಳಿಸುವ ಊರಿನ ಹವೆ, ಸೇರುವ ಊರಿನ ಹವೆ ಎರಡನ್ನೇ ನೋಡಿದರೆ ಸಾಲದು, ನಡುವೆ ಪಾರ್ಸೆಲ್ ಮಲಗುವ ಗೋದಾಮನ್ನೂ ನೆನೆಯಬೇಕು.

ನಮ್ಮ ಗಿಡವನ್ನು ಮಾರ್ಚಿನಲ್ಲೇ ಕಾಯ್ದಿರಿಸಿದ್ದೆವು, ಏಕೆಂದರೆ ಮೇ ಹೊತ್ತಿಗೆ ನರ್ಸರಿಗಳಲ್ಲಿ ಒಳ್ಳೆಯ ಗಿಡಗಳು ಖಾಲಿಯಾಗುತ್ತವೆ. ಕಳಿಸುವ ದಿನ ಮಾತ್ರ ನಾವೇ ತಿಳಿಸುತ್ತೇವೆ ಎಂದು ಬರೆದಿದ್ದೆವು. ಬೇಡಿಕೆಯ ದಿನ ಬೇರೆ, ರವಾನೆಯ ದಿನ ಬೇರೆ ಎಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸೋಮವಾರವೇ ಹೊರಡಬೇಕು, ವಾರದ ಕೊನೆಗೆ ಹೊರಟರೆ ಶನಿವಾರ, ಭಾನುವಾರ ಗೋದಾಮಿನ ಕತ್ತಲಲ್ಲಿ ಕೊಳೆಯುತ್ತದೆ. ಮೇ ಕೊನೆಯ ಸೋಮವಾರ ಇಲ್ಲಿ ಹುತಾತ್ಮರ ಸ್ಮರಣೆಯ ರಜೆ, ಅಂದು ಅಂಚೆಯಿಲ್ಲ. ಉಳಿದದ್ದು ಮೇ 21 ಒಂದೇ. ಅಷ್ಟರಲ್ಲಿ ಅತ್ತೆಯೂ ಬೆಳಿಗ್ಗೆ ಎದ್ದವರೇ “ಇವತ್ತು ಎಷ್ಟಂತೆ?” ಎಂದು ಮೊಮ್ಮಗಳನ್ನು ಕೇಳುವುದು ಶುರುವಾಗಿತ್ತು. ನೋಟ್‌ಬುಕ್ಕಿನಲ್ಲಿ 7, 8, 9 ಎಂದು ಏರುತ್ತಿತ್ತು. ಮುನ್ಸೂಚನೆ ನೋಡಿ, 21ಕ್ಕೇ ಕಳಿಸಿ ಎಂದು ಹೇಳಿದೆವು.

ಬುಧವಾರ ಬಂತು. ಗೇಣುದ್ದದ ಕಡ್ಡಿ, ಏಳೆಂಟು ಎಲೆ. ಅತ್ತೆ ಅದನ್ನು ಮೂಸಿ ನೋಡಿದರು, ಏನೂ ಹೇಳಲಿಲ್ಲ.

ತಮಾಷೆಯೆಂದರೆ, ಅದಾದ ಐದನೇ ದಿನಕ್ಕೆ, ಮೇ 28ರಂದು, ನಮ್ಮ ಊರಿನಲ್ಲಿ 38 ಡಿಗ್ರಿ ಬಿಸಿಲು! ಚಳಿಗೆ ಹೆದರಿ ಕಾದಿದ್ದ ಗಿಡಕ್ಕೆ ಅತ್ತೆ ಕೊಡೆ ಹಿಡಿದು ನಿಂತರು. ಕತ್ತಲ ಡಬ್ಬಿಯಿಂದ ಬಂದ ಗಿಡವನ್ನು ಒಮ್ಮೆಲೇ ಬಿಸಿಲಿಗಿಡಬಾರದು. ಒಂದು ವಾರ ನೆರಳಿನಲ್ಲಿಟ್ಟು ದಿನಕ್ಕಿಷ್ಟು ಎಂದು ಅಭ್ಯಾಸ ಮಾಡಿಸಬೇಕು. ಅವರಿಗೆ ಸಿಕ್ಕಿದ್ದು ಒಂಬತ್ತು ದಿನ. ಅಷ್ಟರಲ್ಲಿ ಕುಂಡ ಬದಲಾಯಿಸುವುದು, ಬೇರಿನ ಮಣ್ಣು ಉದುರದಂತೆ ಹಿಡಿಯುವುದು, ಕುಡಿ ಚಿವುಟಿ ಕವಲೊಡೆಸುವುದು ಎಲ್ಲವನ್ನೂ ಮೊಮ್ಮಗಳಿಗೆ ಕಲಿಸಿ ಹೋದರು.

ತಡವಾಗಿ ತರಿಸುವುದೂ ಒಳ್ಳೆಯದಲ್ಲ. ಆಗಸ್ಟ್ ಕೊನೆಗೆ ಬಂದ ಗಿಡ ಬೇರೂರುವ ಮೊದಲೇ ಒಳಗೆ ಸೇರಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಒಂಬತ್ತು ಗಂಟೆಗೂ ಕಡಿಮೆ. ಮೈಸೂರಿನಲ್ಲಿ ಆಗಲೂ ಹನ್ನೊಂದು ಗಂಟೆಗೆ ಮೇಲೆ. ನಮ್ಮ ಗಿಡ ಒಂದಿಡೀ ಬೇಸಿಗೆ ಬೆಳೆದು ಸೆಪ್ಟೆಂಬರ್‌ನಲ್ಲಿ, ನೋಟ್‌ಬುಕ್ಕಿನಲ್ಲಿ 10 ಬಂದ ದಿನ, ಒಳಗೆ ಬಂತು. ಕ್ರಿಸ್‌ಮಸ್ ಹೊತ್ತಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿತು. ಮಗಳು ಗಾಬರಿಯಿಂದ ಮೈಸೂರಿಗೆ ಫೋನ್ ಮಾಡಿದಳು. “ಉಗುರಲ್ಲಿ ತೊಗಟೆ ಕೆರೆದು ನೋಡು, ಒಳಗೆ ಹಸಿರಿದೆಯಾ?” ಎಂದರು ಅತ್ತೆ. ಇದೆ ಎಂದಳು. “ಹಾಗಾದರೆ ನೀರು ಕಡಿಮೆ ಮಾಡು. ಮಾರ್ಚಿನಲ್ಲಿ ಮತ್ತೆ ಫೋನ್ ಮಾಡು.”