ಒಂದು ಗ್ರಾಂ ಮುನ್ನೂರು ಮಿಲಿ

ಚಿನ್ನ ಹಾಳಾಗಲ್ಲ ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಕೆಮಿಸ್ಟ್ರಿ ಪುಸ್ತಕವೂ ಅದನ್ನೇ ಹೇಳುತ್ತೆ: ತುಕ್ಕು ಹಿಡಿಯಲ್ಲ, ಗಾಳಿ-ನೀರಿಗೆ ಜಗ್ಗಲ್ಲ. ಆದರೆ ಮೆಟೀರಿಯಲ್ ಸೈನ್ಸ್ ಕ್ಲಾಸಿಗೆ ಬಂದರೆ ಕಥೆಯೇ ಬೇರೆ. ಮೋಹ್ಸ್ ಮಾಪಕದಲ್ಲಿ ಶುದ್ಧ ಚಿನ್ನದ ಗಡಸುತನ 2.5ರಿಂದ 3. ಮರಳಿನಲ್ಲಿರೋ ಕ್ವಾರ್ಟ್ಸ್‌ನದ್ದು 7. ಒಡವೆಯ 22 ಕ್ಯಾರಟ್ ಅಂದರೆ ಸುಮಾರು 91.6% ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಬೆರಕೆಯಿಂದ ಸ್ವಲ್ಪ ಗಟ್ಟಿಯಾಗುತ್ತೆ ನಿಜ, ಮರಳಿನ ಮುಂದೆ ಅದೂ ಮೆತ್ತಗೇ.

ಈ ವಿಷಯ ನಮ್ಮ ಮನೆಯಲ್ಲಿ ಒಂದು ಜಗಳವನ್ನೇ ತಪ್ಪಿಸಿತು.

ಹೋದ ವರ್ಷ ನನ್ನ ಫೀಸಿಗೆ ಅಂತ ಅಮ್ಮ ನಾಲ್ಕು ಬಳೆ ಅಡ ಇಡೋಕೆ ಹೊರಟಳು, ಜೊತೆಗೆ ನಾನೂ ಹೋದೆ. 23 ವರ್ಷದ ಹಿಂದೆ ಮದುವೆಗೆ ಅಜ್ಜ ಮಾಡಿಸಿದ್ದು. ಚೀಟಿ ಇನ್ನೂ ಇದೆ: ತಲಾ 10 ಗ್ರಾಂ, ಒಟ್ಟು 40. ತಕ್ಕಡಿ ತೋರಿಸಿದ್ದು 38.7. ಅಮ್ಮನ ಮುಖ ಇಳಿದುಹೋಯ್ತು. ಬಳೆ ಕೊಡದೆ ವಾಪಸ್ ಬಂದುಬಿಟ್ಟಳು.

“ನಿಮ್ಮ ಆಪರೇಷನ್ ಟೈಮಲ್ಲಿ ಅಡ ಇಟ್ಟಿದ್ವಲ್ಲ, ಅಲ್ಲೇ ಅರ ಹಾಕಿ ಉಜ್ಜಿಕೊಂಡಿದ್ದಾರೆ ಕಣ್ರೀ” ಅಂದಳು. ಅಪ್ಪ ಕೇಳೇಬಿಡ್ತೀನಿ ಅಂತ ಚಪ್ಪಲಿ ಮೆಟ್ಟಿದರು. “ಒಂದ್ನಿಮಿಷ ಇರಪ್ಪ” ಅಂತ ನಾನು ಪೆನ್ನು ಹಿಡಿದೆ.

ವಿಯೆನ್ನಾದ ರಸಾಯನ ವಿಜ್ಞಾನಿ ಸ್ಟೈನ್‌ಹೌಸರ್ ತಮ್ಮ 18 ಕ್ಯಾರಟ್ ಮದುವೆ ಉಂಗುರವನ್ನು ಒಂದು ವರ್ಷ, ಪ್ರತಿ ವಾರ ತೂಗಿ, 2008ರಲ್ಲಿ ಲೆಕ್ಕ ಪ್ರಕಟಿಸಿದ್ದರು. ವರ್ಷಕ್ಕೆ ಸುಮಾರು 6 ಮಿಲಿಗ್ರಾಂ ಹೋಗಿತ್ತು. ಸಮುದ್ರದ ಮರಳು, ತೋಟದ ಕೆಲಸ ಇದ್ದಾಗ ಇನ್ನೂ ಜಾಸ್ತಿ. ಅಮ್ಮನದ್ದು 1300 ಮಿಲಿಗ್ರಾಂ. 4 ಬಳೆಗೂ 23 ವರ್ಷಕ್ಕೂ ಹಂಚಿದರೆ, ಒಂದು ಬಳೆಗೆ ವರ್ಷಕ್ಕೆ ಸುಮಾರು 14. ಉಂಗುರದ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ.

ಅದಕ್ಕೆ ಕಾರಣವೂ ಇದೆ. ಆರ್ಚರ್ಡ್ ಸಮೀಕರಣದ ಪ್ರಕಾರ ಉಜ್ಜುವ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಗಡಸುತನ ಹೆಚ್ಚಿದಷ್ಟೂ ಕಡಿಮೆ. ಬಳೆ ಉಂಗುರದ ಹಾಗೆ ಒಂದೇ ಕಡೆ ಕೂರಲ್ಲ, ಕೈ ಆಡಿಸಿದಾಗೆಲ್ಲ ಒಂದಕ್ಕೊಂದು ಉಜ್ಜುತ್ತೆ. ನಡುವೆ ರಂಗೋಲಿ ಪುಡಿ, ಪಾತ್ರೆ ತಿಕ್ಕೋ ಪುಡಿ, ಹಿತ್ತಲ ಮಣ್ಣು ಸೇರಿಕೊಳ್ಳುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ತ್ರೀ-ಬಾಡಿ ಅಬ್ರೇಷನ್, ಅದೇ ಇದು.

ಅಪ್ಪನಿಗೆ ಇದು ಸಾಲಲಿಲ್ಲ. ಸರಿ ಅಂತ ಪರಿಚಯದ ಅಕ್ಕಸಾಲಿ ಹತ್ರ ಹೋಗಿ ಜೋಡಿ ಜೋಡಿಯಾಗಿ ತೂಗಿಸಿದೆವು. ಬಲಗೈಯವು ಯಾವುವು ಅಂತ ಅಮ್ಮನಿಗೆ ಮುಟ್ಟಿದರೇ ಗೊತ್ತು. ಎಡಗೈ ಜೋಡಿ 19.5 ಗ್ರಾಂ, ಬಲಗೈ ಜೋಡಿ 19.2. ಚಿತ್ತಾರ ಅಳಿಸಿದ್ದೂ ಬಳೆಗಳು ಒಂದಕ್ಕೊಂದು ತಾಗುವ ಪಕ್ಕದಲ್ಲೇ. ಅರ ಹಾಕೋ ಕಳ್ಳನಿಗೆ ಬಲಗೈ ಯಾವುದು, ಎಡಗೈ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

“ಹಾಗಾದ್ರೆ ಈ ಮನೆ ಪಾತ್ರೆಗೇ ಹೋಯ್ತು ಅನ್ನು” ಅಂದಳು ಅಮ್ಮ. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಬಳೆ ಅಡ ಇಟ್ಟು ಫೀಸು ಕಟ್ಟಿದೆವು. ಚಿನ್ನದ ರೇಟು ಏರಿದ್ದರಿಂದ, ಸವೆದ ಬಳೆಗೂ ಹಿಂದಿನ ಸಲಕ್ಕಿಂತ ಜಾಸ್ತಿಯೇ ಸಿಕ್ಕಿತು.

ರಜೆಗೆ ಊರಿಗೆ ಹೋದಾಗ ನೀವೂ ಎರಡು ಕೆಲಸ ಮಾಡಿ. ಅಮ್ಮನ ಸರದಲ್ಲಿ ತಾಳಿ ನೇತಾಡೋ ಬಳೆಕೊಂಡಿ, ಹಿಂದಿನ ಕೊಕ್ಕೆ ನೋಡಿ. ಭಾರ ಬಿದ್ದು ಉಜ್ಜೋ ಜಾಗ ಅದೇ, ತೆಳ್ಳಗಾಗಿದ್ದರೆ ಬದಲಾಯಿಸಿ. ಸವೆತದಲ್ಲಿ ಹೋಗೋದು ಮಿಲಿ ಲೆಕ್ಕ, ಕೊಂಡಿ ತುಂಡಾದರೆ ಸರವೇ ಹೋಗುತ್ತೆ. ಇನ್ನೊಂದು, ಪಾಲಿಶ್ ಮಾಡಿಕೊಡ್ತೀವಿ ಅಂತ ಮನೆ ಬಾಗಿಲಿಗೆ ಬರೋರ ಕೈಗೆ ಒಡವೆ ಕೊಡಬೇಡಿ ಅಂತ ಹೇಳಿ. ಅವರ ದ್ರಾವಣದಲ್ಲಿ ಆಕ್ವಾ ರೀಜಿಯಾ ಇದ್ದರೆ, ಅಮ್ಮನ ಕೈಯಲ್ಲಿ 23 ವರ್ಷದಲ್ಲಿ ಸವೆದಷ್ಟು ಚಿನ್ನ ಆ ಬಟ್ಟಲಲ್ಲಿ ಕೆಲವೇ ನಿಮಿಷಕ್ಕೆ ಕರಗುತ್ತೆ.