ಟರ್ನರ್ ಅಣ್ಣನ ಶಿಸ್‌ಪೆನ್ಸಿಲ್

ಬ್ಯಾಂಕಿನವರಿಗೆ ಪೆನ್ಸಿಲ್ ಬೇಕಾಗುವುದು ಮುಖ್ಯವಾಗಿ ಒಂದೇ ಕೆಲಸಕ್ಕೆ. ಸಾಲದ ಕಾಗದಪತ್ರಗಳಲ್ಲಿ ಗಿರಾಕಿ ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಸಣ್ಣದೊಂದು ಗುರುತು ಹಾಕುವುದು, ಆಮೇಲೆ ಅಳಿಸುವುದು. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದ ನನಗೆ ಇದಕ್ಕಿಂತ ಹೆಚ್ಚಿನ ಚಿತ್ರಕಲೆ ಗೊತ್ತಿಲ್ಲ. ಆದರೂ ಈಗ ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಪೆನ್ಸಿಲ್ ಬಗ್ಗೆ ಪುಕ್ಕಟೆ ಪಾಠ ಕೇಳುತ್ತಿದ್ದೇನೆ. ಕೇಳಿದ್ದನ್ನು ನಿಮಗೂ ಹೇಳೋಣ ಅನ್ನಿಸಿತು.

ನಾವಿರುವುದು ಚಿಂಚವಡದಲ್ಲಿ. ನಮ್ಮ ಸೊಸೈಟಿಯ ಪಾರ್ಕಿಂಗ್ ಪಕ್ಕದ ಬೆಂಚಿನ ಮೇಲೆ ಭಾನುವಾರ ಮೂವರು ಕೂತು ಚಿತ್ರ ಬರೆಯುತ್ತಾರೆ. ಒಬ್ಬರು ಗೋಕಾಕ ಕಡೆಯ ನಿವೃತ್ತ ಟರ್ನರ್, ಇನ್ನೊಬ್ಬ ಬಡಗಿ, ಮೂರನೆಯವರು ಅಕ್ಕಸಾಲಿ. ಮೂವರದೂ ಒಂದೇ ಹವ್ಯಾಸ. ಮುಂದೆ ಒಂದು ವಸ್ತು ಇಟ್ಟುಕೊಂಡು ಅದು ಕಂಡ ಹಾಗೇ ಪೆನ್ಸಿಲ್ಲಿನಲ್ಲಿ ಬಿಡಿಸುವುದು. ನೋಡುತ್ತಾ ಕೂತರೆ ಮಜಾ ಇದೆ. ಬಡಗಿ ತನ್ನ ಚಪ್ಪಟೆ ಪೆನ್ಸಿಲ್ ಬಿಡುವುದಿಲ್ಲ (ಉರುಳಿ ಬೀಳಬಾರದು ಅಂತಲೇ ಅದು ಚಪ್ಪಟೆ). ಮರದ ಎಳೆಗಳನ್ನು ಅವನು ಬರೆದರೆ ಮುಟ್ಟಿ ನೋಡಬೇಕು ಅನ್ನಿಸುತ್ತದೆ. ಅಕ್ಕಸಾಲಿ ಕಾಗದದ ಒಂದು ಮೂಲೆಯಲ್ಲಿ ಶುರು ಮಾಡಿ ಅಲ್ಲೇ ಒಂದು ತಾಸು ಕಳೆಯುತ್ತಾರೆ, ಚಿತ್ರ ಅಂಗೈಗಿಂತ ದೊಡ್ಡದಾಗುವುದೇ ಇಲ್ಲ. ನಮ್ಮ ಟರ್ನರ್ ಅಣ್ಣನವರು ಮೊದಲು ಅಳತೆ ಹಾಕುತ್ತಾರೆ. ಕಸುಬು ಎಲ್ಲಿ ಹೋದರೂ ಕೈಬಿಡುವುದಿಲ್ಲ ನೋಡಿ!

ಅಣ್ಣನವರು ಬೆಳಗಾವಿಯಲ್ಲಿ ಐ.ಟಿ.ಐ. ಮಾಡಿ ಪಿಂಪ್ರಿಗೆ ಅಪ್ರೆಂಟಿಸ್ ಆಗಿ ಬಂದವರು. ಬೆಳ್ಳಿ ಮಿರುಗುವ ಶಾಫ್ಟುಗಳನ್ನು ಮಿಲಿಮೀಟರಿನ ನೂರರ ಒಂದು ಭಾಗದ ಲೆಕ್ಕದಲ್ಲಿ ಲೇತಿನ ಮೇಲೆ ತಿರುವಿದವರು. ನಮ್ಮ ಕೂದಲೆಳೆಯೇ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಆಮೇಲೆ ಸಿ.ಎನ್.ಸಿ. ಮಷಿನ್ ಬಂದವು, ಕೊನೆಯ ವರ್ಷಗಳಲ್ಲಿ ಬಟನ್ ಒತ್ತಿ ನಿಂತು ನೋಡುವುದೇ ಕೆಲಸವಾಯಿತು. ನಿವೃತ್ತಿಯಾದ ಹೊಸದರಲ್ಲಿ ನಿದ್ದೆಯಲ್ಲೂ ಅವರ ಬಲಗೈ ಚಕ್ರ ತಿರುಗಿಸಿದ ಹಾಗೆ ತಿರುಗುತ್ತಿತ್ತಂತೆ, ವೈನಿಯವರು ಹೇಳಿದ್ದು. ಅಂಥ ಕೈಗೆ ಸಿಕ್ಕಿದ್ದು ಮೊಮ್ಮಗಳ ಪೆನ್ಸಿಲ್. ಅವಳು ಇಲ್ಲಿನ ಶಾಲೆಯ ಮಕ್ಕಳು ಬರೆಯುವ ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಗೆ ವಸ್ತುಚಿತ್ರ ಅಭ್ಯಾಸ ಮಾಡುತ್ತಿದ್ದಳು. ಅಜ್ಜ ಪಕ್ಕದಲ್ಲಿ ಕೂತು ತಾನೂ ಒಂದು ಲೋಟ ಬರೆದರು.

"ಸಾಹೇಬ್ರ, ಇಷ್ಟು ವರ್ಷ ಮಂದಿ ಬರದ ಡ್ರಾಯಿಂಗ್ ನೋಡಿ ನಾ ಸಾಮಾನ ಮಾಡೀನಿ. ಈಗ ಸಾಮಾನ ನೋಡಿ ನಾ ಡ್ರಾಯಿಂಗ್ ಮಾಡಾಕತ್ತೀನಿ."

ಈ ಮಾತು ನನಗೆ ಬಹಳ ಹಿಡಿಸಿತು. ಕಾರ್ಖಾನೆಯ ಡ್ರಾಯಿಂಗಿನಲ್ಲಿ ಅಳತೆ ಇರುತ್ತದೆ. ಮುಂದಿನಿಂದ ಒಂದು ನೋಟ, ಮೇಲಿನಿಂದ ಒಂದು, ಬದಿಯಿಂದ ಒಂದು. ಬೆಳಕು ಇರುವುದಿಲ್ಲ. ವಸ್ತುವಿನ ಸುತ್ತ ಒಂದೇ ದಪ್ಪದ ಗೆರೆ. ನಿಜವಾದ ವಸ್ತುವಿಗೆ ಅಂಥ ಗೆರೆ ಎಲ್ಲಿದೆ? ಬೆಳಕಿನ ಭಾಗ ಕತ್ತಲ ಭಾಗವನ್ನು ಸಂಧಿಸುವ ಕಡೆ ನಮ್ಮ ಕಣ್ಣು ಅಂಚು ಅಂತ ತಿಳಿಯುತ್ತದೆ, ಅಷ್ಟೇ. ಕುಶಲಕರ್ಮಿಗಳಿಗೆ ಕೈ ಕಲಿಸಬೇಕಾಗಿಲ್ಲ. ಗೊತ್ತಿರುವುದನ್ನು ಬದಿಗಿಟ್ಟು ಕಂಡದ್ದನ್ನು ಬರೆಯುವುದೇ ಅವರಿಗೆ ಕಷ್ಟ. ಶಾಫ್ಟಿನ ತುದಿ ದುಂಡಗಿದೆ ಅಂತ ಟರ್ನರಿಗೆ ಗೊತ್ತು, ಹಾಗಾಗಿ ಕೈ ದುಂಡಗೇ ಬರೆಯುತ್ತದೆ. ಓರೆಯಾಗಿ ನೋಡಿದರೆ ಕಾಣುವುದು ಮಾತ್ರ ಮೊಟ್ಟೆಯಾಕಾರ.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ದುಂಡನೆಯ ಶಾಫ್ಟಿನಲ್ಲಿ ಅತಿ ಕಪ್ಪು ಜಾಗ ನೆರಳಿನ ಬದಿಯ ಅಂಚಿನಲ್ಲಿ ಇರುತ್ತದೆ ಅಂತ ನಾವು ತಿಳಿದಿರುತ್ತೇವೆ. ಅಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಮೇಜಿನ ಮೇಲೆ ಬಿದ್ದ ಬೆಳಕು ಪುಟಿದು ಅಂಚನ್ನು ಮತ್ತೆ ಕೊಂಚ ತಿಳಿಯಾಗಿಸುತ್ತದೆ. "ಇಷ್ಟ ವರ್ಷ ದಿನಾ ಹಿಡದದ್ದ ಶಾಫ್ಟು, ಇದನ್ನ ಒಂದಿನಾನೂ ನೋಡಿದ್ದಿಲ್ಲ ನೋಡ್ರಿ" ಅಂತ ಅಣ್ಣನವರು ಅವತ್ತು ಮಗುವಿನ ಹಾಗೆ ಖುಷಿಪಟ್ಟರು.

ನಮ್ಮ ಊರಿನಲ್ಲಿ ಸೀಸದ ಕಡ್ಡಿ, ಮರಾಠಿಯಲ್ಲಿ ಶಿಸ್‌ಪೆನ್ಸಿಲ್. ಹೆಸರಲ್ಲಿ ಸೀಸ ಇದ್ದರೂ ಒಳಗೆ ಸೀಸ ಇಲ್ಲ, ಇರುವುದು ಗ್ರಾಫೈಟು ಮತ್ತು ಜೇಡಿಮಣ್ಣು. ಇಂಗ್ಲೆಂಡಿನ ಜೊತೆ ಯುದ್ಧ ನಡೆದು ಒಳ್ಳೆಯ ಗ್ರಾಫೈಟ್ ಸಿಗದೆ ಹೋದಾಗ ಫ್ರಾನ್ಸಿನ ಕೊಂಟೆ ಎಂಬಾತ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿ ಬೆರೆಸಿ ಸುಡುವ ವಿಧಾನ ಕಂಡುಹಿಡಿದ. ಜೇಡಿ ಹೆಚ್ಚಿದ್ದರೆ ಗಟ್ಟಿ, ತಿಳಿ ಗೆರೆ, ಅದು ಎಚ್. ಗ್ರಾಫೈಟ್ ಹೆಚ್ಚಿದ್ದರೆ ಮೆತ್ತಗೆ, ಕಪ್ಪು ಗೆರೆ, ಅದು ಬಿ.

ಈ ಮಾತು ಬಂದಾಗೆಲ್ಲ ನನಗೆ ನೆನಪಾಗುವವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು. ಚಿತ್ರಕಾರರಾಗಬೇಕು ಅಂತ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಕೆಲವು ಬಣ್ಣಗಳ ವ್ಯತ್ಯಾಸ ತಮ್ಮ ಕಣ್ಣಿಗೆ ಕಾಣುವುದಿಲ್ಲ ಅಂತ ಅಲ್ಲಿ ತಿಳಿಯಿತು. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ಡ್ರಾಯಿಂಗ್ ಕಲಿತು, ಅದನ್ನೇ ಮುಂಬಯಿಯಲ್ಲಿ ಕಲಿಸಿ, ಆಮೇಲೆ ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಹಾಕಿ, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಾಗ ಅವರಿಗೆ ಜಾಗ ಕೊಟ್ಟ ಔಂಧ ಸಂಸ್ಥಾನದ ರಾಜರು ಸ್ವತಃ ಚಿತ್ರಕಾರರು (ನಮ್ಮ ಪುಣೆಯ ಔಂಧ ಅಲ್ಲ, ಸಾತಾರಾ ಕಡೆಯದು). ಚಿತ್ರದಿಂದ ಕಸುಬಿಗೆ ಹೋದ ದಾರಿ ಅದು. ನಮ್ಮ ಬೆಂಚಿನವರು ಅದೇ ದಾರಿಯಲ್ಲಿ ಈ ಕಡೆಯಿಂದ ಹೊರಟಿದ್ದಾರೆ.

ಆದರೆ ಈಚೆಗೆ ಬೆಂಚಿನ ಮೇಲೆ ಒಂದು ಜಗಳ ಎದ್ದಿದೆ. ಅಣ್ಣನವರ ಮಗ ಒಳ್ಳೆಯವನೇ. "ಬಾಬಾ, ತೀರಿಹೋದವರ ಫೋಟೋ ನೋಡಿ ಚಿತ್ರ ಬರೆದುಕೊಡಿ, ಜನ ದುಡ್ಡು ಕೊಡ್ತಾರೆ" ಅಂದ. ಒಂದು ಆರ್ಡರೂ ತಂದ. ಅಣ್ಣನವರು ಹದಿನೈದು ದಿನ ಕೂತು ಬರೆದರು. ಬಂದವರು ನೋಡಿ, ಚೆನ್ನಾಗಿದೆ, ಅಪ್ಪನನ್ನು ಸ್ವಲ್ಪ ಬೆಳ್ಳಗೆ ಮಾಡಿ, ಕೆನ್ನೆಯ ಗುಳಿ ತುಂಬಿಸಿ ಅಂದರು. ಅಣ್ಣನವರು ಮುಂಗಡ ವಾಪಸು ಕೊಟ್ಟರು. "ಕಂಡದ್ದ ಬರೀಬೇಕು. ಹೇಳಿದ್ದ ಬರಿಯೋದಾದ್ರ ಮತ್ತ ಡ್ಯೂಟಿಗೆ ಹೋದಂಗಾತಲ್ರಿ." ಮಗನಿಗೆ ಬೇಸರ. ಬಡಗಿಗೂ ಇದು ಒಪ್ಪಿಗೆಯಿಲ್ಲ. ಅವನು ಕಪಾಟು ಮಾಡುವ ಮೊದಲೇ ಅದರ ಚಿತ್ರ ಬರೆದು ತೋರಿಸಿ ನಾಲ್ಕು ಕೆಲಸ ಹಿಡಿದಿದ್ದಾನೆ. "ಕಲಿತ ವಿದ್ಯೆ ಹೊಟ್ಟೆಗೆ ಬಂದರೆ ತಪ್ಪೇನು?" ಅನ್ನುತ್ತಾನೆ. ಮಕ್ಕಳ ಫೀಸು ಕಟ್ಟುವವನ ಮಾತು, ತೆಗೆದುಹಾಕುವ ಹಾಗಿಲ್ಲ.

ನಾನು ಜೀವಮಾನವೆಲ್ಲ ದುಡ್ಡಿನ ಲೆಕ್ಕ ಬರೆದವನು. ಆದರೂ ಇದರಲ್ಲಿ ಅಣ್ಣನವರ ಕಡೆಯೇ ನಿಲ್ಲುತ್ತೇನೆ. ಯಾಕೆಂದರೆ ಕಾರ್ಖಾನೆಯ ಡ್ರಾಯಿಂಗ್ ಹಾಳೆಯ ಕೆಳಗೆ ಒಂದು ಚೌಕಟ್ಟು ಇರುತ್ತದೆ. ಬರೆದವರು, ಪರೀಕ್ಷಿಸಿದವರು, ಮಂಜೂರು ಮಾಡಿದವರು ಅಂತ ಮೂರು ಜಾಗ. ಅದನ್ನು ಲೋಹದಲ್ಲಿ ಮಾಡಿದವನಿಗೆ ಅಲ್ಲಿ ಜಾಗವಿಲ್ಲ. ಅವರು ತಿರುವಿದ ಸಾವಿರಾರು ಶಾಫ್ಟುಗಳು ಯಾವ ಯಾವ ಲಾರಿಯೊಳಗೆ ಓಡುತ್ತಿವೆಯೋ, ಒಂದರ ಮೇಲೂ ಹೆಸರಿಲ್ಲ. ಈಗ ಅವರು ತಮ್ಮ ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಹಳೆಯ ವರ್ನಿಯರ್ ಬರೆದಿದ್ದಾರೆ. ಮೂರು ತಿಂಗಳ ಭಾನುವಾರಗಳ ಕೆಲಸ. ಬಲಮೂಲೆಯಲ್ಲಿ ಸಣ್ಣಗೆ ಸಹಿ ಇದೆ. ಪಾಸ್‌ಬುಕ್ಕು, ಚೆಕ್ಕು, ಪೆನ್ಶನ್ ಕಾಗದದ ಮೇಲೆಲ್ಲ ಅವರದು ಇಂಗ್ಲಿಷ್ ಸಹಿ, ನಾನೇ ನೋಡಿದ್ದೇನೆ. ಚಿತ್ರದ ಮೇಲಿನ ಸಹಿ ಕನ್ನಡದಲ್ಲಿದೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇಂಥ ಕೈಗಳು ಬಹಳ ಇವೆ. ಫಿಟ್ಟರ್, ವೆಲ್ಡರ್, ದರ್ಜಿ, ನೇಕಾರ. ಅವರಿಗೆ ಹೆಚ್ಚು ಸಾಮಾನು ಬೇಕಾಗಿಲ್ಲ. ಒಂದು ಎಚ್‌ಬಿ, ಒಂದು 2ಬಿ, ಒಂದು 6ಬಿ ಪೆನ್ಸಿಲ್, ತುಸು ಒರಟು ಕಾಗದ, ಒಳ್ಳೆಯ ರಬ್ಬರ್ ಸಾಕು. ಅಪ್ಪಾ ಬಳವಂತ ಚೌಕಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲಾ ಸಿಗುತ್ತದೆ. ಕಿಟಕಿಯ ಬಳಿ, ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ಕೂರಿಸಿ. ಕೈ ತಾಗಿ ಚಿತ್ರ ಮಸಕಾಗದ ಹಾಗೆ ಅಂಗೈ ಕೆಳಗೆ ಒಂದು ಚೀಟಿ ಇಡಲಿ. ಮೊದಲು ಅವರದೇ ಒಂದು ಹತ್ಯಾರ ಬರೆಯಲಿ. ಮುಗಿದ ಮೇಲೆ "ಎಷ್ಟಕ್ಕೆ ಹೋಗುತ್ತೆ?" ಅಂತ ಮಾತ್ರ ಕೇಳಬೇಡಿ. "ಇದನ್ನು ಹೇಗೆ ಹಿಡೀತಾರೆ, ಇದರಿಂದ ಏನು ಮಾಡ್ತಿದ್ರಿ?" ಅಂತ ಕೇಳಿ. ಆಮೇಲೆ ಒಂದು ತಾಸು ನಿಮಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.