ನಡೆಯುವ ಹೆಣ, ಓಡುವ ಹೆಣ

ಲೋಕದಲ್ಲಿ ಭಯವನ್ನು ಬೇಡುವವರು ಯಾರೂ ಇಲ್ಲ. ಆದರೆ ಭಯಾನಕರಸವನ್ನು ಹಣ ಕೊಟ್ಟು ಕೊಳ್ಳುವವರು ಎಲ್ಲ ಕಾಲದಲ್ಲಿಯೂ ಉಂಟು. ಕಾಡಿನ ಹುಲಿಯನ್ನು ಕಂಡು ಓಡತಕ್ಕವನೇ ರಂಗದ ಮೇಲಣ ಹುಲಿಯನ್ನು ನೋಡಲು ಮುಂದಿನ ಸಾಲಿನಲ್ಲಿ ಸ್ಥಳ ಹಿಡಿಯುತ್ತಾನೆ. ಭರತಮುನಿಯು ಭಯಾನಕಕ್ಕೂ ಬೀಭತ್ಸಕ್ಕೂ ಶೃಂಗಾರವೀರಗಳ ಪಂಕ್ತಿಯಲ್ಲಿಯೇ ಮಣೆ ಹಾಕಿದನು; ಬೀಭತ್ಸದಿಂದ ಭಯಾನಕವು ಹುಟ್ಟುತ್ತದೆಂದೂ ಹೇಳಿದನು. ಆದಕಾರಣ, ಎದ್ದ ಹೆಣಗಳ ಚಲಚ್ಚಿತ್ರಗಳನ್ನು ಕುರಿತು ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯಹೊರಟ ನನ್ನನ್ನು ವಾಚಕರು ಮನ್ನಿಸುವರೆಂದು ನಂಬಿದ್ದೇನೆ. ವಿಷಯವು ಅಮಂಗಳವೆನಿಸಬಹುದು, ಪ್ರಶ್ನೆಯು ಮಾತ್ರ ಶಾಸ್ತ್ರೀಯವಾದುದೇ.

ನನ್ನ ಮಗನಿಗೂ ನನ್ನ ತಂಗಿಯ ಮಗನಿಗೂ ಈ ಜಾತಿಯ ಚಿತ್ರಗಳಲ್ಲಿ ಬಹಳ ಆಸಕ್ತಿ. ಮಗನದು ಹಳೆಯ ಚಿತ್ರಗಳ ಪಕ್ಷ. ಸೋದರಳಿಯನದು ಅವೇ ಕಥೆಗಳನ್ನು ಮತ್ತೆ ತೆಗೆದ ಹೊಸ ಚಿತ್ರಗಳ ಪಕ್ಷ. ಶಬ್ದವು ನಿತ್ಯವೋ ಅನಿತ್ಯವೋ ಎಂದು ಪಾಠಶಾಲೆಯಲ್ಲಿ ನಮ್ಮ ಸಹಪಾಠಿಗಳು ನಡೆಸುತ್ತಿದ್ದ ವಾದದಲ್ಲಿ ಕೂಡ ನಾನು ಅಷ್ಟು ಆವೇಶವನ್ನು ಕಂಡದ್ದಿಲ್ಲ. ವಿವಾದದ ಸಾರವಿಷ್ಟು: ಎದ್ದ ಹೆಣವು ನಡೆಯಬೇಕೋ, ಓಡಬೇಕೋ? ಮಧ್ಯಸ್ಥನಾಗಬೇಕೆಂದು ಇಬ್ಬರೂ ನನ್ನನ್ನು ಹಿಡಿದರು. ನೋಡದೆ ತೀರ್ಪು ಕೊಡುವುದು ಧರ್ಮವಲ್ಲವಾದ್ದರಿಂದ ಕೆಲವು ರಾತ್ರಿಗಳನ್ನು ಅವರೊಡನೆ ಕುಳಿತು ಕಳೆದೆನು.

ಹೆಣವನ್ನು ಎಬ್ಬಿಸುವ ಕಲ್ಪನೆಯು ನಮಗೆ ಹೊಸದಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ತ್ರಿವಿಕ್ರಮಸೇನನು ಹೆಗಲಿಗೇರಿಸಿಕೊಂಡ ಹೆಣವು ಕಥೆ ಹೇಳುತ್ತದೆ. ಆದರೆ ಅಲ್ಲಿ ಮಾತನಾಡುವವನು ಸತ್ತವನಲ್ಲ, ಹೆಣವನ್ನು ಹೊಕ್ಕ ಬೇತಾಳ. ಜೋಂಬಿಯ ಹುಟ್ಟೂರು ಹೈಟಿ ದೇಶ. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ನಾಡು ಅದು; ಸತ್ತ ಮೇಲೆಯೂ ಒಡೆಯನ ಚಾಕರಿ ತಪ್ಪಲಾರದೆಂಬ ಭಯವೇ ಆ ಕಲ್ಪನೆಯ ಬೇರು. 1932ರ ‘ವೈಟ್ ಜೋಂಬಿ’ ಎಂಬ ಚಿತ್ರದಲ್ಲಿ ಈ ಮೂಕಜೀವಿಗಳು ಸಕ್ಕರೆಯ ಗಿರಣಿಯನ್ನು ತಿರುಗಿಸುತ್ತವೆ.

ಈ ಕಲ್ಪನೆಗೆ ಈಗಿನ ರೂಪವನ್ನು ಕೊಟ್ಟವರು ಜಾರ್ಜ್ ರೊಮೆರೊ. ಅವರು 1968ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಅಲ್ಪ ಹಣದಿಂದ, ಕಪ್ಪು ಬಿಳುಪಿನಲ್ಲಿ, ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಚಿತ್ರವನ್ನು ತೆಗೆದರು. ಚಿತ್ರದ ಹೆಸರನ್ನು ಬದಲಾಯಿಸಿದಾಗ ಹಕ್ಕಿನ ಸೂಚನೆಯು ಬಿಟ್ಟುಹೋಗಿ, ಅದು ಊರಬಾವಿಯ ನೀರಿನಂತೆ ಸರ್ವರ ಸ್ವತ್ತಾಯಿತು. ಇಲ್ಲಿ ಮಂತ್ರವಾದಿಯಿಲ್ಲ, ಒಡೆಯನಿಲ್ಲ. ಜೋಂಬಿ ಎಂಬ ಶಬ್ದವೂ ಇಲ್ಲ. ಸತ್ತವರು ತಾವಾಗಿಯೇ ಎದ್ದು ಬದುಕಿರುವವರನ್ನು ತಿನ್ನಲು ಮೆಲ್ಲಮೆಲ್ಲನೆ ನಡೆದು ಬರುತ್ತಾರೆ. ಹೊಲದ ನಡುವಣ ಒಂಟಿ ಮನೆಯೊಂದರಲ್ಲಿ ಸಿಕ್ಕಿಬಿದ್ದ ಕೆಲವರು, ನೆಲಮಾಳಿಗೆಯಲ್ಲಿ ಅಡಗುವುದು ಮೇಲೋ ಮೇಲ್ಮನೆಯನ್ನು ಭದ್ರಪಡಿಸುವುದು ಮೇಲೋ ಎಂದು ಜಗಳವಾಡಿಯೇ ಕೆಡುತ್ತಾರೆ. ಡ್ವೇನ್ ಜೋನ್ಸ್ ಎಂಬ ಕಪ್ಪುವರ್ಣದ ನಟನು ವಹಿಸಿದ ಬೆನ್ ಎಂಬ ಧೀರನೊಬ್ಬನು ಮಾತ್ರ ಉಳಿಯುತ್ತಾನೆ. ರಾತ್ರಿಯೆಲ್ಲ ಹೆಣಗಳಿಂದ ತಪ್ಪಿಸಿಕೊಂಡ ಅವನನ್ನು ಬೆಳಗ್ಗೆ ರಕ್ಷಣೆಗೆಂದು ಬಂದವರು ಹೆಣವೆಂದೇ ತಿಳಿದು ಕೊಲ್ಲುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರು ಹತರಾದ ವರ್ಷವೇ ಇದು ತೆರೆಗೆ ಬಂದಿತೆಂಬುದನ್ನು ನೆನೆದರೆ, ಆ ಗುಂಡಿನ ಸದ್ದು ಕಥೆಯ ಹೊರಗೂ ಕೇಳುತ್ತದೆ.

1978ರಲ್ಲಿ ರೊಮೆರೊ ಅವರೇ ‘ಡಾನ್ ಆಫ್ ದಿ ಡೆಡ್’ ಎಂಬ ಚಿತ್ರವನ್ನು ತೆಗೆದರು. ಅದರಲ್ಲಿ ನಾಲ್ವರು ಒಂದು ದೊಡ್ಡ ಅಂಗಡಿಸಮುಚ್ಚಯದಲ್ಲಿ ಆಶ್ರಯ ಪಡೆಯುತ್ತಾರೆ. ಸತ್ತವರೂ ಬದುಕಿದ್ದಾಗಿನ ವಾಡಿಕೆಯಿಂದ ಅಲ್ಲಿಗೇ ಬಂದು ಸುತ್ತಾಡುತ್ತಾರೆ. ಜ್ಯಾಕ್ ಸ್ನೈಡರ್ ಎಂಬುವರು 2004ರಲ್ಲಿ ಇದನ್ನೇ ಪುನಃ ತೆಗೆದಾಗ ಹೆಣಗಳು ಓಡತೊಡಗಿದವು. ಓಡುವ ಹೆಣಗಳು ಅದಕ್ಕೆ ಮೊದಲೇ ಬೇರೆ ಚಿತ್ರಗಳಲ್ಲಿ ಬಂದಿದ್ದರೂ ಹಳಬರು ಸಿಟ್ಟಾದದ್ದು ಇಲ್ಲಿಯೇ. 2017ರಲ್ಲಿ ತೀರಿಕೊಂಡ ರೊಮೆರೊ ಅವರು ಕೊನೆಯವರೆಗೂ ನಡೆಯುವ ಹೆಣಗಳ ಪಕ್ಷವನ್ನೇ ಹಿಡಿದಿದ್ದರು.

ಸೋದರಳಿಯನ ವಾದವು ಬಲವಾದದ್ದು. “ಮಾವ, ಆ ಹಳೆಯ ಹೆಣಗಳನ್ನು ಮೊಣಕಾಲುನೋವಿನ ಮುದುಕರೂ ದಾಟಿಹೋಗಬಹುದು. ಅವುಗಳಿಗೆ ಯಾರು ಹೆದರುತ್ತಾರೆ?” ಎಂದನು. ಮೊಣಕಾಲಿನ ಮಾತು ನನ್ನನ್ನೇ ಕುರಿತದ್ದೆಂದು ಎಲ್ಲರಿಗೂ ತಿಳಿದಿತ್ತು. ಸ್ವಾರಸ್ಯವೇನೆಂದರೆ, ಮೊದಲ ಚಿತ್ರವನ್ನು 1990ರಲ್ಲಿ ಟಾಮ್ ಸವೀನಿ ಅವರು ಮತ್ತೆ ತೆಗೆದಾಗ ರೊಮೆರೊ ಅವರೇ ಅದಕ್ಕೆ ಕಥನವನ್ನು ಬರೆದು, ಬಾರ್ಬರಾ ಎಂಬ ನಾಯಿಕೆಯ ಬಾಯಲ್ಲಿ ಇದೇ ಮಾತನ್ನು ಆಡಿಸಿದರು. ಇವು ಇಷ್ಟು ನಿಧಾನ, ಇವುಗಳ ಪಕ್ಕದಲ್ಲೇ ನಡೆದುಹೋಗಬಹುದಲ್ಲ ಎಂದು ಅವಳು ಹೇಳುತ್ತಾಳೆ; ಒಳಗಿರುವವರು ಕೇಳುವುದಿಲ್ಲ. ಪೂರ್ವಪಕ್ಷವೇ ಇಲ್ಲಿ ಸಿದ್ಧಾಂತವಾಗುತ್ತದೆ. ಶತ್ರುವು ಮಂದಗಾಮಿಯಾದರೆ ಸೋಲಿನ ಹೊಣೆಯನ್ನು ಅವನ ಮೇಲೆ ಹೊರಿಸಲಾಗದು. ತಪ್ಪಿಸಿಕೊಳ್ಳಲು ಕಾಲವಿತ್ತು, ದಾರಿಯಿತ್ತು. ಆದರೂ ಕೆಟ್ಟೆವಾದರೆ ಕೆಡಿಸಿದವರು ಯಾರು? ಓಡುವ ಹೆಣದ ಮುಂದೆ ಈ ಪ್ರಶ್ನೆಯು ಏಳುವುದಿಲ್ಲ.

ನಮ್ಮ ಆಲಂಕಾರಿಕರು ತ್ರಾಸವನ್ನೂ ಭಯವನ್ನೂ ಬೇರೆಬೇರೆಯಾಗಿ ಎಣಿಸಿದರು. ಸಿಡಿಲು ಬಡಿದಾಗ ಮೈ ನಡುಗುವುದು ತ್ರಾಸ. ಅದು ಬಂದು ಹೋಗುವ ಸಂಚಾರಿಭಾವ. ಹಿಂದುಮುಂದನ್ನು ಆಲೋಚಿಸಿದಾಗ ಮನಸ್ಸಿನಲ್ಲಿ ನೆಲೆಗೊಳ್ಳುವುದು ಭಯ, ಅದು ಸ್ಥಾಯಿ. ಓಡುವ ಹೆಣವು ಸಿಡಿಲಿನಂತೆ ಬೆಚ್ಚಿಬೀಳಿಸುತ್ತದೆ. ನಡೆಯುವ ಹೆಣವು, ಬರುತ್ತಿರುವವನು ಯಾರು, ನಿನ್ನೆಯವರೆಗೆ ಯಾರ ತಂದೆ, ಯಾರ ತಮ್ಮ ಎಂದು ಗುರುತಿಸುವಷ್ಟು ಅವಕಾಶವನ್ನು ಕೊಡುತ್ತದೆ. ಹೊಸ ಚಿತ್ರವನ್ನು ನಾನು ಹಳಿಯುತ್ತಿಲ್ಲ. 2004ರ ಚಿತ್ರದಲ್ಲಿ ಕಚ್ಚಿಸಿಕೊಂಡ ತಂದೆಯೊಬ್ಬನು ಮಗಳನ್ನು ಬೀಳ್ಕೊಟ್ಟು, ತಾನು ಸತ್ತು ಏಳುವ ಕ್ಷಣಕ್ಕಾಗಿ ಕಾಯುತ್ತ ಕೂರುತ್ತಾನೆ. ಎದುರಿಗೆ ಬಂದೂಕು ಹಿಡಿದ ಇನ್ನೊಬ್ಬನೂ ಕಾಯುತ್ತ ಕೂತಿರುತ್ತಾನೆ. ನನ್ನ ಮನಸ್ಸಿನಲ್ಲಿ ಉಳಿದ ಭಾಗ ಅದು. ಅಲ್ಲಿ ಯಾರೂ ಓಡುವುದಿಲ್ಲ.

ಇನ್ನು ನನ್ನ ಸ್ವಂತದ್ದೊಂದು ಮಾತು. 1968ರ ಚಿತ್ರದ ನಡುವೆ ವಿಜ್ಞಾನಿಯೊಬ್ಬನು ದೂರದರ್ಶನದಲ್ಲಿ ಕಾಣಿಸಿಕೊಂಡು, ಸತ್ತವರನ್ನು ಕೂಡಲೇ ಹೊರಗೆ ಒಯ್ದು ಸುಡಬೇಕು, ಉತ್ತರಕ್ರಿಯೆಯ ಸಮಾಧಾನವನ್ನು ಬಂಧುಗಳು ಬಿಟ್ಟುಕೊಡಬೇಕು ಎಂದು ಹೇಳುತ್ತಾನೆ. ಹುಡುಗರಿಗೆ ಅದು ಕಥೆಯ ಒಂದು ಕೊಂಡಿ. ನನಗೆ ಹಾಗಲ್ಲ. 2021ರ ಮೇ ತಿಂಗಳಲ್ಲಿ ನನ್ನ ಅಣ್ಣನು ಕೊರೋನಾ ರೋಗದಿಂದ ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ, ಕರ್ತೃವಾಗಬೇಕಾದವನು ನಾನೇ. ಊರಿನಲ್ಲಿ ಎಷ್ಟೋ ಮನೆಗಳವರಿಗೆ ಅಪರಪ್ರಯೋಗದ ಮಂತ್ರಗಳನ್ನು ಹೇಳಿಕೊಟ್ಟ ನಾನು, ಅಂದು ಸ್ಮಶಾನದ ಬಾಗಿಲಿನಲ್ಲಿ, ಬಟ್ಟೆಯಿಂದ ಬಿಗಿದು ಮುಚ್ಚಿದ ಒಂದು ಆಕಾರವನ್ನು ದೂರದಿಂದ ನೋಡಿದೆನು. ಮಂತ್ರಗಳು ಬಾಯಲ್ಲಿದ್ದವು, ಹೇಳಲು ಹತ್ತಿರದಲ್ಲಿ ಅಣ್ಣನಿರಲಿಲ್ಲ. ಅಂದಿನ ನಿಯಮವನ್ನು ನಾನು ದೂಷಿಸುವುದಿಲ್ಲ. ಬದುಕಿರುವವರನ್ನು ಉಳಿಸಲು ಅದು ಬೇಕಾಗಿದ್ದಿರಬಹುದು. ಆದರೆ ಪ್ರೀತಿಯ ದೇಹವನ್ನು ಅಪಾಯದ ವಸ್ತುವೆಂದು ಒಪ್ಪಿಕೊಳ್ಳಬೇಕಾಗಿ ಬರುವುದಕ್ಕಿಂತ ಘೋರವಾದುದು ಆ ಚಿತ್ರದಲ್ಲಿಯೂ ಇಲ್ಲ, ನನ್ನ ಅನುಭವದಲ್ಲಿಯೂ ಇಲ್ಲ.

ಇದನ್ನು ಹೇಳಿದಾಗ ಹುಡುಗರಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಸೋದರಳಿಯನು ಮೆಲ್ಲನೆ, “ಆದರೂ ಮಾವ, ಆ ರೋಗ ನಡೆದು ಬರಲಿಲ್ಲ, ಓಡಿಯೇ ಬಂತಲ್ಲ” ಎಂದನು. ದೊಡ್ಡ ಮಾವನ ಔಷಧಕ್ಕಾಗಿ ಊರೆಲ್ಲ ಅಲೆದವನು ಅವನು. ಹಾಗೆನ್ನುವ ಅಧಿಕಾರ ಅವನಿಗುಂಟು. ನಾಲ್ಕೇ ದಿನಗಳಲ್ಲಿ ಎಲ್ಲವೂ ಮುಗಿದುಹೋಗಿತ್ತು. ಇಂತಹ ಕಾಲವನ್ನು ಕಂಡ ತರುಣರಿಗೆ ಓಡುವ ಹೆಣವು ಸತ್ಯವಾಗಿ ತೋರಿದರೆ ಆಶ್ಚರ್ಯವಿಲ್ಲ. ವಿಪತ್ತು ಓಡಿ ಬರುತ್ತದೆಂಬುದನ್ನು ನಾನು ಒಪ್ಪಿದೆನು. ಅದು ತಂದ ದುಃಖವು ಮಾತ್ರ ನಡೆದು ಬರುತ್ತದೆ. ಇಷ್ಟು ವರ್ಷಗಳಾದರೂ ಅದರ ನಡಿಗೆ ನಿಂತಿಲ್ಲ.

ಹಳೆಯ ಕಥೆಯನ್ನು ಮತ್ತೆ ಹೇಳುವುದು ಅಪರಾಧವಲ್ಲ. ಹಾಗಿದ್ದರೆ ಆದಿಕವಿಯ ಅನಂತರ ರಾಮಕಥೆಯನ್ನು ಬರೆದವರೆಲ್ಲರೂ ಅಪರಾಧಿಗಳಾಗಬೇಕಾಗಿತ್ತು. ಆದುದರಿಂದ ಹಳೆಯದೋ ಹೊಸದೋ ಎಂದು ಕೇಳುವುದಕ್ಕಿಂತ, ಎದುರಿಗೆ ಬರುತ್ತಿರುವ ಮುಖವನ್ನು ಗುರುತಿಸಲು ಈ ಚಿತ್ರವು ನಮಗೆ ಬಿಡುವು ಕೊಟ್ಟಿತೇ ಎಂದು ಕೇಳುವುದು ಮೇಲು. ನನ್ನ ತೀರ್ಪು ಇಷ್ಟೇ. ವಾದಿಗಳಿಬ್ಬರೂ ಇದನ್ನು ಒಪ್ಪಿಲ್ಲ. ಮುಂದಿನ ಭಾನುವಾರಕ್ಕೆ ಇನ್ನೊಂದು ಚಿತ್ರವನ್ನು ಗೊತ್ತುಮಾಡಿದ್ದಾರೆ.